ಗಂಟಿನ ಮೇಲಿನ ಚಿಗುರು

ಜೂನ್ ೧೪

ಬಣ್ಣದಂಗಡಿಯವಳಿಗೆ ಹೊಲಿಗೆಯಂಗಡಿಯವಳ ಆಶೀರ್ವಾದ.

ನೀನು ಹೋಗುವಾಗ ಟೆರೇಸಿನ ನೀರಿನ ಟ್ಯಾಂಕಿಗೆ ಅಂಟಿಸಿಹೋದ ಚೀಟಿಯನ್ನು ದಿನಾ ಓದುತ್ತಿದ್ದೇನೆ. ‘ಮಣ್ಣು ಒಣಗಿದಾಗ ನೀರು’ ಎಂದು ಬರೆದಿದ್ದೀಯ. ಎಷ್ಟು ಒಣಗಿದಾಗ, ತಾಯಿ? ಮೇಲೆ ನೋಡಿದರೆ ಒಣಗಿರುತ್ತದೆ, ಬೆರಳು ಹಾಕಿದರೆ ಒಳಗೆ ಒದ್ದೆ. ಬಟ್ಟೆಯಾಗಿದ್ದರೆ ಮುಟ್ಟಿದ ಕೂಡಲೇ ಹೇಳಿಬಿಡುತ್ತಿದ್ದೆ. ಮಣ್ಣಿನ ಭಾಷೆ ನನಗೆ ಬಾರದು. ಅದು ನಿನ್ನ ಗಂಡನಿಗೆ ಬರುತ್ತಿತ್ತು. ಲಿಫ್ಟ್ ರಿಪೇರಿ ಮಾಡುವವನಿಗೆ ಅದು ಎಲ್ಲಿಂದ ಬಂತೋ, ಹೆತ್ತವಳಾದ ನನಗೂ ಗೊತ್ತಿಲ್ಲ.

ಅವನು ಹೋಗಿ ವರ್ಷವಾಗುತ್ತಾ ಬಂತು. ಅವನ ದಾಸವಾಳ ಮಾತ್ರ ಇನ್ನೂ ಬಾಯಿ ಬಿಟ್ಟಿಲ್ಲ. ಆ ಹಳದಿ ಹೂವಿನ ಪುಡಿಯನ್ನು ನಿನ್ನ ಸಣ್ಣ ಬ್ರಷ್ಷಿನಲ್ಲಿ ತೆಗೆದು ಬಿಳಿ ಹೂವಿಗೆ ಸವರಿ, ಬೀಜ ಕಟ್ಟಿಸಿ, ಸಸಿ ಎಬ್ಬಿಸಿದ ದಿನ ಹೇಗೆ ಕುಣಿದಾಡಿದ! "ಅಮ್ಮ, ಹೂ ಬಿಡೋವರೆಗೂ ಇದರ ಬಣ್ಣ ಯಾರಿಗೂ ಗೊತ್ತಾಗಲ್ಲ. ಇಂಥದ್ದು ಪ್ರಪಂಚದಲ್ಲೇ ಇದೊಂದು" ಅಂದ. ನಾವು ಮೂವರೂ ಪಂತ ಕಟ್ಟಿದ್ದು ನೆನಪಿದೆ ತಾನೆ? ಅವನು ಕಿತ್ತಳೆ ಅಂದ. ನೀನು ಅದೇನೋ ಸಂಜೆಯ ನೇರಳೆ ಅಂದೆ. ದಾಸವಾಳ ಅಂದಮೇಲೆ ಕೆಂಪು, ಇನ್ನೇನು ಅಂದೆ ನಾನು. ಸೋತವರು ತಿಂಗಳಿಡೀ ಪಾತ್ರೆ ತೊಳೆಯಬೇಕು. ಈಗ ತೊಳೆಯಲು ಇರುವುದು ಒಂದು ತಟ್ಟೆ, ಒಂದು ಲೋಟ. ಅದಿರಲಿ.

ಎಲೆಯ ಅಡಿಯಲ್ಲಿ ಬಿಳಿ ಹಿಟ್ಟು ಚೆಲ್ಲಿದ ಹಾಗೆ ಹುಳ ಕೂತಿದೆ. ಕಾಂಡದ ಮೇಲೆ ಅವನು ಸುತ್ತಿದ ಪಟ್ಟಿ ಇನ್ನೂ ಇದೆ. ನನ್ನ ಕಣ್ಣಿಗೆ ಅದು ತೇಪೆ ಹಾಕಿದ ಹಾಗೆ ಕಾಣುತ್ತದೆ. ಬಿಚ್ಚಲೋ ಬೇಡವೋ? ಫೋನ್ ಮಾಡಬೇಡ. ಫೋನಿನಲ್ಲಿ ನಾವಿಬ್ಬರೂ ಹೂಂ ಹೂಂ ಅಂದು ಇಟ್ಟುಬಿಡುತ್ತೇವೆ. ಕಾಗದದಲ್ಲಾದರೆ ನಾಲ್ಕು ಮಾತು ಬೈಯಬಹುದು.

ಗಿರಾಕಿ ಬಂದರು, ಇಲ್ಲಿಗೆ ಗಂಟು ಹಾಕುತ್ತೇನೆ.
ಅತ್ತೆ


ಜೂನ್ ೨೯

ಅತ್ತೆಗೆ ನಮಸ್ಕಾರ.

ಬೆರಳನ್ನು ಎರಡನೇ ಗಿಣ್ಣಿನವರೆಗೆ ಮಣ್ಣಿಗೆ ಇಳಿಸಿ. ಅಲ್ಲಿಯೂ ಒಣಗಿದ್ದರೆ ಮಾತ್ರ ನೀರು. ಹಾಕುವಾಗ ಕುಂಡದ ತೂತಿನಿಂದ ಹೊರಗೆ ಬರುವಷ್ಟು ಹಾಕಿ, ಆಮೇಲೆ ಅದರ ಪಾಡಿಗೆ ಬಿಡಿ. ಬಿಳಿ ಹುಳಕ್ಕೆ ಸೋಪಿನ ನೀರು ಸಾಕು, ಹಳೇ ಬಟ್ಟೆಯಿಂದ ಎಲೆಯ ಅಡಿಭಾಗ ಒರೆಸಿ. ಇರುವೆ ಹತ್ತಿದೆಯೇ ನೋಡಿ, ಆ ಹುಳಗಳನ್ನು ಹೊತ್ತು ತರುವುದು ಅವೇ.

ಪಟ್ಟಿ ಬಿಚ್ಚಬಹುದು. ಕಸಿ ಅಂಟಿಕೊಂಡು ವರ್ಷದ ಮೇಲಾಯಿತು. ಇವರ ಸಸಿಯ ಬೇರಿಗೆ ಕಸುವು ಇರಲಿಲ್ಲ, ಅದಕ್ಕೇ ಗಟ್ಟಿಮುಟ್ಟಾದ ಒಂದು ಕೆಂಪು ದಾಸವಾಳದ ಬುಡಕ್ಕೆ ಕಸಿ ಕಟ್ಟಿದರು. ಗಂಟಿನ ಕೆಳಗಿರುವುದು ಆ ಕೆಂಪಿನದು, ಮೇಲಿರುವುದು ಇವರದು. ನೀವು ತೇಪೆ ಅಂದದ್ದನ್ನು ಕೇಳಿದ್ದರೆ ನಗುತ್ತಿದ್ದರು.

ದಾಸವಾಳ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಹಳೆಯದನ್ನು ಕತ್ತರಿಸಿದರೆ ಹೊಸದು ಹೊಮ್ಮುತ್ತದೆ. ಗಟ್ಟಿಯಾಗಿರುವುದನ್ನು ಉಳಿಸಿಕೊಂಡು ಸೊರಗಿದ ಕೊಂಬೆಗಳನ್ನು ತೆಗೆದುಬಿಡಿ. ಹೆದರಬೇಡಿ, ಕತ್ತರಿ ನಿಮ್ಮ ಕೈಯಲ್ಲಿ ತಪ್ಪುವುದಿಲ್ಲ.

ಇಲ್ಲಿ ಅಂಗಡಿಯಲ್ಲಿ ನನಗೆ ಬಣ್ಣ ಕಲೆಸುವ ಮೇಜು ಕೊಟ್ಟಿದ್ದಾರೆ. ಜನ ಪರದೆಯ ತುಂಡು, ಹಳೇ ಕದದ ಚಕ್ಕೆ ತರುತ್ತಾರೆ. ಅದೇ ಬಣ್ಣ ಬೇಕು ಅನ್ನುತ್ತಾರೆ. ಒಣಗಿದ ಮೇಲೆ ಬಣ್ಣ ಬದಲಾಗುತ್ತದೆ ಎಂದು ಎಷ್ಟು ಹೇಳಿದರೂ ನಂಬುವುದಿಲ್ಲ. ಊಟ ಮಾಡುತ್ತಿದ್ದೇನೆ, ನಿದ್ದೆ ಬರುತ್ತಿದೆ. ಚಿಂತೆ ಮಾಡಬೇಡಿ.

ಗಿಡವನ್ನು ನಿಮ್ಮ ಕೈಗೆ ಒಪ್ಪಿಸಿದ,
ಸೊಸೆ


ಆಗಸ್ಟ್ ೯

ಬಣ್ಣ ಕಲೆಸುವವಳಿಗೆ,

ಊಟ ಮಾಡುತ್ತಿದ್ದೇನೆ ಎಂದು ಬರೆದಿದ್ದೀಯ. ಏನು ಊಟ ಎಂದು ಬರೆದಿಲ್ಲ. ಬ್ರೆಡ್ ಕಚ್ಚಿ ನೀರು ಕುಡಿಯುವುದಕ್ಕೆ ಊಟ ಅನ್ನುವುದಿಲ್ಲ.

ಗಿಡಕ್ಕೆ ಕ್ಷೌರ ಆಯಿತು. ಭಾನುವಾರ ಸೀಮೆಸುಣ್ಣ ಹಿಡಿದು ಕೂತೆ. ಗುರುತು ಹಾಕದೆ ಕತ್ತರಿ ಇಟ್ಟವಳಲ್ಲ ನಾನು. ಒಂದು ಕಡೆ ಕಡ್ಡಿ ಸಣ್ಣಗೆ, ಎಲೆ ನಾಲ್ಕೇ ನಾಲ್ಕು, ಹುಳ ತಿಂದು ಹಣ್ಣಾಗಿತ್ತು. ಇನ್ನೊಂದು ಕಡೆಯ ಕೊಂಬೆ ನೆಟ್ಟಗೆ, ಎಲೆ ದಟ್ಟವಾಗಿ, ಸ್ಕೂಲಿಗೆ ಹೊರಟ ಹುಡುಗನ ಹಾಗೆ ನಿಂತಿತ್ತು. ನೀನು ಹೇಳಿದಂತೆ ಸೊರಗಿದ್ದನ್ನೆಲ್ಲ ತೆಗೆದೆ. ತೆಗೆಯುವಾಗ ಕೈ ಒಂದು ಗಳಿಗೆ ನಿಂತಿತು. ಅವನು ಮುಟ್ಟಿದ್ದಲ್ಲವೇ ಎಂದು. ಆಮೇಲೆ, ಅವನೇ ಇದ್ದಿದ್ದರೂ ಇದನ್ನೇ ಮಾಡುತ್ತಿದ್ದ ಅಂದುಕೊಂಡು ಒತ್ತಿಬಿಟ್ಟೆ.

ಕತ್ತರಿಸಿದ್ದನ್ನು ಬಿಸಾಡುವ ಜಾಯಮಾನ ನನ್ನದಲ್ಲ ಎಂದು ನಿನಗೆ ಗೊತ್ತು. ಅಂಗೈಯಗಲದ ಚಿಂದಿಯನ್ನೂ ಚೀಲಕ್ಕೆ ತುಂಬುವವಳು. ಇಸ್ತ್ರಿ ಮೇಜಿನ ಪಕ್ಕ ಬೆಂಕಿ ಬಿದ್ದರೆ ಆರಿಸಲೆಂದು ಇಟ್ಟ ಮರಳಿನ ಡಬ್ಬಿ ಇದೆಯಲ್ಲ, ನೆಟ್ಟಗಿದ್ದ ಕಡ್ಡಿಗಳನ್ನು ಅದರಲ್ಲಿ ಚುಚ್ಚಿ ದಾರದ ಉರುಳೆಗಳನ್ನು ಸಿಕ್ಕಿಸಿದ್ದೇನೆ. ಯಾವಾಗಲೋ ಒಮ್ಮೆ ಬೇಕಾಗುವ ಬಣ್ಣಗಳೆಲ್ಲ ಈಗ ಅಲ್ಲಿ ಸಾಲಾಗಿ ನಿಂತಿವೆ. ಇಸ್ತ್ರಿಯಣ್ಣ ನೋಡಿ, "ಅಮ್ಮ, ಮೊಳೆಗೆ ಬರಗಾಲ ಬಂತಾ?" ಅಂದ. "ನೀನು ಬಟ್ಟೆಗೆ ಚಿಮುಕಿಸುವ ನೀರು ನನ್ನ ದಾರಕ್ಕೆ ತಾಗದ ಹಾಗೆ ನೋಡ್ಕೋ ಸಾಕು" ಅಂದೆ.

ಬೆಳಿಗ್ಗೆ ಟೀಗೆ ಎರಡು ಲೋಟ ತೆಗೆಯುವ ಅಭ್ಯಾಸ ಇನ್ನೂ ಹೋಗಿಲ್ಲ. ಅವನ ಲೋಟ ತೆಗೆಯುತ್ತಿಲ್ಲ, ತಪ್ಪು ತಿಳಿಯಬೇಡ. ಅದನ್ನು ಬಿಟ್ಟು ವರ್ಷವಾಯಿತು. ತೆಗೆಯುವುದು ನಿನ್ನದು.

ಸೂಜಿಗೆ ದಾರ ಪೋಣಿಸಲು ಕಣ್ಣು ಸಾಲದ,
ಅತ್ತೆ


ಸೆಪ್ಟೆಂಬರ್ ೨

ಅತ್ತೆಗೆ,

ನಿಮ್ಮ ಕಾಗದ ಬಂದ ದಿನ ಅಂಗಡಿಯಲ್ಲಿ ಕೆಲಸವೇ ಇರಲಿಲ್ಲ. ಒಂದು ಮುಚ್ಚಳದಲ್ಲಿ ನನ್ನ ಪಂತದ ಬಣ್ಣ ಕಲೆಸಿದೆ. ನೇರಳೆಗೆ ಸ್ವಲ್ಪ ಬೂದು, ಅಂಚಿಗೆ ಒಂದು ಹನಿ ಗುಲಾಬಿ. ಇನ್ನೊಂದು ಮುಚ್ಚಳದಲ್ಲಿ ಇವರ ಕಿತ್ತಳೆ. ಎರಡನ್ನೂ ರೂಮಿಗೆ ತಂದು ಬೀರುವಿನ ಹಿಂದೆ, ಮನೆ ಯಜಮಾನಿಗೆ ಕಾಣದ ಕಡೆ, ಗೋಡೆಗೆ ಹಚ್ಚಿದ್ದೇನೆ. ಮಲಗಿದರೆ ಅದರ ಒಂದು ಅಂಚು ಕಾಣುತ್ತದೆ. ನಿಮ್ಮ ಕೆಂಪನ್ನು ಹಚ್ಚಿಲ್ಲ. ಅದು ಎಲ್ಲಿ ಬೇಕಾದರೂ ಸಿಗುತ್ತದೆ, ಬಸ್ಸಿನ ಮೇಲೂ ಇದೆ.

ನನ್ನ ರೂಮಿನ ಕಿಟಕಿಗೆ ಎದುರುಗಡೆ ಇನ್ನೊಂದು ಕಿಟಕಿ. ಆ ಕಡೆಯವರು ಪರದೆ ಎಳೆದೇ ಇರುತ್ತಾರೆ. ಇಲ್ಲಿ ಎಲ್ಲವೂ ನೆಲಮಹಡಿ, ಅದಕ್ಕೇ ಈ ರೂಮು ಹಿಡಿದೆ. ಮೊಗ್ಗು ಬಂದರೆ ಅವತ್ತೇ ಬರೆಯಿರಿ. ಅವರ ಹೂವನ್ನು ಒಮ್ಮೆ ನೋಡಬೇಕು. ಈಗ ನನಗೆ ಬೇಕಾದದ್ದು ಅದೊಂದೇ, ಬೇರೆ ಏನೂ ತೋಚುವುದಿಲ್ಲ.

ಫೋಟೋ ಮಾತ್ರ ತೆಗೆಸಿ ಕಳಿಸಬೇಡಿ. ಫೋಟೋದಲ್ಲಿ ಬಣ್ಣ ಸುಳ್ಳು ಹೇಳುತ್ತದೆ, ಅದು ನನ್ನ ಕಸುಬಿನ ಮಾತು.

ಎರಡನೇ ಲೋಟದವಳು,
ಸೊಸೆ


ಅಕ್ಟೋಬರ್ ೭

ಏ ಹುಡುಗಿ,

ಮೊಗ್ಗು ಬಂದಿತ್ತು. ಬಂದಿತ್ತು ಅಂತ ಬರೆಯಬೇಕಾಗಿ ಬಂತಲ್ಲ ಎಂದು ಕೈ ಕೈ ಹಿಸುಕಿಕೊಳ್ಳುತ್ತಿದ್ದೇನೆ. ಗೋಲಿಯಷ್ಟು ದಪ್ಪಗಾದ ಮೂರು ಮೊಗ್ಗು. ಬಿಸಿಲು ಚೆನ್ನಾಗಿ ಬೀಳಲಿ ಎಂದು ಕುಂಡವನ್ನು ಟೆರೇಸಿನ ಇನ್ನೊಂದು ಮೂಲೆಗೆ ಎಳೆದೆ. ಬೆಳಿಗ್ಗೆ ನೋಡಿದರೆ ಮೂರೂ ನೆಲದ ಮೇಲೆ. ಒಂದನ್ನು ಸೀಳಿ ನೋಡಿದೆ, ಒಳಗೆ ಹಸಿರು ಬಿಟ್ಟರೆ ಏನೂ ಇರಲಿಲ್ಲ. ಜಾಗ ಬದಲಾಯಿಸಿದರೆ ಇಷ್ಟು ಮುನಿಸೇ ಇದಕ್ಕೆ? ಮೈಯೆಲ್ಲ ಅವನದೇ ಗುಣ. ಚಿಕ್ಕವನಿದ್ದಾಗ ಹಾಸಿಗೆಯ ದಿಕ್ಕು ಬದಲಾಯಿಸಿದರೆ ಊಟ ಬಿಡುತ್ತಿದ್ದ.

ಇನ್ನು ಅಲುಗಿಸುವುದಿಲ್ಲ. ನಾನೇ ಬಿಸಿಲಿಗೆ ಅಡ್ಡವಾದರೆ ನನ್ನನ್ನೇ ಆ ಕಡೆ ತಳ್ಳಿಕೊಳ್ಳುತ್ತೇನೆ.

ಸಿಟ್ಟಿನಲ್ಲಿ,
ಅತ್ತೆ


ನವೆಂಬರ್ ೧೮

ಸೋತವಳಿಗೆ ಗೆದ್ದವಳ ಆಶೀರ್ವಾದ!

ಕೆಂಪು! ಕೆಂಪು ಕಣೇ! ಬೆಳಿಗ್ಗೆ ಬಟ್ಟೆ ಒಣಹಾಕಲು ಹೋದೆ, ಅಂಗೈಯಷ್ಟು ಅಗಲವಾಗಿ ಅರಳಿ ನಿಂತಿದೆ. ಬಕೆಟ್ಟನ್ನು ಅಲ್ಲೇ ಬಿಟ್ಟು ಕೂತುಬಿಟ್ಟೆ. ಇವತ್ತು ಅಂಗಡಿ ತೆರೆಯಲಿಲ್ಲ. ಇಸ್ತ್ರಿಯಣ್ಣ ಗಾಬರಿಯಾಗಿ ಮೇಲೆ ಬಂದ. "ಏನಮ್ಮಾ, ಹುಷಾರಿಲ್ವಾ?" ಅಂದ. "ನನ್ನ ಮಗನ ಹೂವು ನೋಡೋ" ಅಂದೆ. ಅವನು ಟೋಪಿ ತೆಗೆದು ನಿಂತ, ಪಾಪ. ಅದನ್ನು ನೋಡಿ ನನಗೆ ಅಳು ಬಂದುಬಿಟ್ಟಿತು.

ಮಧ್ಯಾಹ್ನದವರೆಗೂ ಪಕ್ಕದಲ್ಲೇ ಇದ್ದೆ. ಅವನು ಹುಟ್ಟಿದ ದಿನವೂ ಹೀಗೆಯೇ ಬರೀ ನೋಡುತ್ತಾ ಕೂತಿದ್ದೆ. ಸಂಜೆಗೆ ಸುರುಟಿಕೊಂಡಿತು. ಒಂದೇ ದಿನದ ಹೂ ಎಂದು ಅವನು ಹೇಳಿದ್ದ. ಉದುರಿದ ಹೂವನ್ನು ನಿನಗಾಗಿ ಒಣಗಿಸಿಟ್ಟಿದ್ದೇನೆ.

ತಿಂಗಳಿಡೀ ಪಾತ್ರೆ ನಿನ್ನ ಪಾಲಿಗೆ. ಯಾವಾಗ ಬರುತ್ತೀಯ?

ಗೆದ್ದ ಗತ್ತಿನಲ್ಲಿ,
ಅತ್ತೆ


ಡಿಸೆಂಬರ್ ೨೦

ಅತ್ತೆಗೆ ನಮಸ್ಕಾರ.

ಉತ್ತರ ತಡವಾಯಿತು, ಕ್ಷಮಿಸಿ. ಅಂಗಡಿಯಲ್ಲಿ ಲೆಕ್ಕಪತ್ರದ ಕೆಲಸವಿತ್ತು. ಹೂ ಅರಳಿದ್ದು ತುಂಬಾ ಸಂತೋಷ. ಪಂತ ನೀವೇ ಗೆದ್ದಿರಿ. ಕೆಂಪು ಬಣ್ಣ ಚೆನ್ನಾಗಿಯೇ ಇರುತ್ತದೆ. ನಿಮ್ಮ ಆರೋಗ್ಯ ನೋಡಿಕೊಳ್ಳಿ. ಇಲ್ಲಿ ಚಳಿ ಹೆಚ್ಚಾಗಿದೆ. ರಜೆ ಸಿಗುವುದು ಕಷ್ಟ.

ಇಂತಿ,
ಸೊಸೆ


ಜನವರಿ ೧೧

ನಿನಗೆ,

ನಿನ್ನ ಕಾಗದ ಓದಿದೆ. ಬ್ಯಾಂಕಿನವರು ನನಗೆ ಇದಕ್ಕಿಂತ ಪ್ರೀತಿಯಿಂದ ಬರೆಯುತ್ತಾರೆ. ಪಂತ ಸೋತರೆ ಅರ್ಧ ದಿನ ವಾದ ಮಾಡುವ ಹುಡುಗಿ, ಅದು ಕೆಂಪಲ್ಲ ಕಡುಗುಲಾಬಿ ಅಂತಾದರೂ ಜಗಳ ತೆಗೆಯುವ ಹುಡುಗಿ, ಎರಡು ಸಾಲಿನಲ್ಲಿ ‘ನೀವೇ ಗೆದ್ದಿರಿ’ ಅನ್ನುತ್ತಾಳೆ. ಆಗಲೇ ನನಗೆ ಎಲ್ಲೋ ಏನೋ ತಪ್ಪಿದೆ ಅನ್ನಿಸಿತು. ನಿನ್ನ ಹಳೇ ಕಾಗದಗಳನ್ನೆಲ್ಲ ಮತ್ತೆ ತೆಗೆದು ಓದಿದೆ. ಗಂಟಿನ ಕೆಳಗಿರುವುದು ಕೆಂಪಿನದು, ಮೇಲಿರುವುದು ಇವರದು. ಅವತ್ತೂ ಓದಿದ್ದೆ, ತಲೆಗೆ ಹೋಗಿರಲಿಲ್ಲ.

ಕನ್ನಡಕ ಹಾಕಿಕೊಂಡು ಮೇಲೆ ಹೋದೆ. ಹೊಲಿಗೆ ನೋಡುವ ಹಾಗೆ ಆ ಗಂಟನ್ನು ನೋಡಿದೆ. ದಟ್ಟವಾಗಿ ಬೆಳೆದ ಆ ಚೆಂದದ ಕೊಂಬೆ ಹುಟ್ಟಿದ್ದು ಗಂಟಿನ ಕೆಳಗಿನಿಂದ. ಮೇಲೆ ನಾನು ಕತ್ತರಿಸಿದ ಮೋಟು, ಒಣಗಿ ಕಪ್ಪಾಗಿದೆ. ನಾನು ಸಾಕಿದ್ದು ಯಾರದೋ ಬುಡವನ್ನು. ಕತ್ತರಿಸಿದ್ದು ನನ್ನ ಮಗನನ್ನು.

ಅಳು ಬಂತು, ಅತ್ತುಬಿಟ್ಟೆ. ಆದರೆ ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂದಿದೆ, ನಿನ್ನ ಮೇಲೆ. ನಿನಗೆ ಗೊತ್ತಿತ್ತು. ಕೆಂಪು ಎಂದು ಬರೆದ ಕೂಡಲೇ ಗೊತ್ತಾಗಿರುತ್ತದೆ. "ಏನು ಮಾಡಿಟ್ಟಿರಿ ಅತ್ತೇ!" ಅಂತ ಕೂಗಾಡಬೇಕಿತ್ತು. ಅದು ಬಿಟ್ಟು ಸಂತೋಷ, ಕ್ಷಮಿಸಿ, ಆರೋಗ್ಯ ಅಂತ ಬರೆದಿದ್ದೀಯ. ಕೋಟು ಹಾಳಾದ ಗಿರಾಕಿ ಹೀಗೆ ಮಾತಾಡುತ್ತಾನೆ. ನಗುತ್ತಾ ತೆಗೆದುಕೊಂಡು ಹೋಗುತ್ತಾನೆ, ಇನ್ನೊಮ್ಮೆ ಅಂಗಡಿಯ ಕಡೆ ತಲೆ ಹಾಕುವುದಿಲ್ಲ. ನೀನೂ ಹಾಗೆಯೇ ಹೋಗುತ್ತಿದ್ದೀಯಾ? ಅವನಿಲ್ಲದ ಮೇಲೆ ನಾನು ನಿನಗೆ ಬರೀ ಮರ್ಯಾದೆ ಕೊಡಬೇಕಾದ ಮುದುಕಿಯಾದೆನೇ?

ಜಗಳಕ್ಕಾದರೂ ಬರೆ.
ಅತ್ತೆ


ಜನವರಿ ೨೫

ಅತ್ತೆ,

ಜಗಳಕ್ಕೇ ಬರೆಯುತ್ತಿದ್ದೇನೆ.

ಗೊತ್ತಿತ್ತು. ನಿಮ್ಮ ಕಾಗದದಲ್ಲಿ ಕೆಂಪು ಎಂಬ ಪದ ಓದಿದಾಗಲೇ ಕಸಿಯ ಗಂಟು ಕಣ್ಣ ಮುಂದೆ ಬಂತು. ನೀವು ಕತ್ತರಿಸಿದಿರಿ ನಿಜ. ಆದರೆ ಸೊರಗಿದ್ದನ್ನು ತೆಗೆಯಿರಿ, ಗಟ್ಟಿಯಾದದ್ದನ್ನು ಉಳಿಸಿ ಎಂದು ಬರೆದವಳು ಯಾರು? ನಾನು. ಕೆಳಗಿನ ಚಿಗುರುಗಳನ್ನು ಇವರು ವಾರಕ್ಕೊಮ್ಮೆ ಚಿವುಟಿ ಹಾಕುತ್ತಿದ್ದರು, ನಾನು ಪಕ್ಕದಲ್ಲೇ ನಿಂತು ನೋಡುತ್ತಿದ್ದೆ. ಅದನ್ನೇ ಚೀಟಿಯಲ್ಲಿ ಬರೆಯಲು ಮರೆತೆ. ಇನ್ನು ಯಾವ ಬಾಯಿಂದ ನಿಮ್ಮನ್ನು ಬೈಯಲಿ? ನೀವು ಅಂಗಡಿ ಮುಚ್ಚಿ ಮಧ್ಯಾಹ್ನದವರೆಗೂ ಆ ಹೂವಿನ ಮುಂದೆ ಕೂತಿದ್ದಿರಿ. ಇಸ್ತ್ರಿಯಣ್ಣ ಟೋಪಿ ತೆಗೆದು ನಿಂತನಂತೆ. ಅದು ಇವರ ಹೂವಲ್ಲ ಎಂದು ಹೇಗೆ ಬರೆಯಲಿ? ಒಬ್ಬರಾದರೂ ಅದನ್ನು ನೋಡಿದೆ ಎಂದುಕೊಂಡು ಇರಲಿ ಅನ್ನಿಸಿತು.

ಮರ್ಯಾದೆಗೆ ಅಲ್ಲ. ನೀವು ಹಾಗೆ ಕೇಳಿದ್ದು ನನಗೆ ಮುಖಕ್ಕೆ ಹೊಡೆದ ಹಾಗಾಯಿತು.

ನಾನು ಯಾಕೆ ಊರು ಬಿಟ್ಟೆ ಎಂದು ನೀವು ಒಮ್ಮೆಯೂ ಕೇಳಲಿಲ್ಲ. ಈಗ ಹೇಳುತ್ತೇನೆ. ಲಿಫ್ಟಿನಿಂದಾಗಿ. ಅದು ನಮ್ಮ ಮಹಡಿಯಲ್ಲಿ ನಿಲ್ಲುವಾಗ ಸಣ್ಣಗೆ ಕುಲುಕಿ, ಆಮೇಲೆ ಬಾಗಿಲು ಕರಕರ ಎನ್ನುತ್ತದಲ್ಲ. "ಊರ ಲಿಫ್ಟೆಲ್ಲಾ ರಿಪೇರಿ ಮಾಡ್ತೀರ, ನಮ್ಮದು ಮಾತ್ರ ಹೀಗೆ" ಎಂದು ಅವರನ್ನು ರೇಗಿಸುತ್ತಿದ್ದೆ. ಅವರು ಹೋದಮೇಲೂ ಅದು ಕುಲುಕುತ್ತಲೇ ಇತ್ತು. ಪ್ರತಿ ಸಲವೂ ನನ್ನ ಕಿವಿ ನೆಟ್ಟಗಾಗುತ್ತಿತ್ತು. ಪಕ್ಕದ ಮನೆಯವರು, ಹಾಲಿನವರು, ಯಾರೋ. ದಿನಕ್ಕೆ ಎಷ್ಟು ಸಲ ಒಬ್ಬ ಮನುಷ್ಯನನ್ನು ಕಳೆದುಕೊಳ್ಳಲಿ? ಅದಕ್ಕೇ ಲಿಫ್ಟೇ ಇಲ್ಲದ ಮನೆ ಹುಡುಕಿದೆ.

ಹೂ ಅರಳುವುದು ಬಾಕಿ ಇದ್ದಷ್ಟು ದಿನ ಅವರ ಕೆಲಸ ಇನ್ನೂ ಮುಗಿದಿಲ್ಲ ಅನ್ನಿಸುತ್ತಿತ್ತು. ಅವರದೊಂದು ಮಾತು ನನಗೆ ಬರುವುದು ಬಾಕಿ ಇದೆ ಅನ್ನಿಸುತ್ತಿತ್ತು. ಈಗ ಅದೂ ಇಲ್ಲ. ನನಗೆ ಅವರು ಬೇಕು ಅತ್ತೆ. ಅಷ್ಟೇ.

ಗೋಡೆಯ ಮೇಲಿನ ಎರಡೂ ಬಣ್ಣಗಳಿಗೆ ಸುಣ್ಣ ಬಳಿದುಬಿಟ್ಟೆ.

ನಿಮ್ಮ,
ಸೊಸೆ


ಫೆಬ್ರವರಿ ೬

ಮಗಳೇ,

ನಿಧಾನವಾಗಿ ಓದು. ಕೂತುಕೊಂಡು ಓದು.

ನಿನ್ನೆ ಒಂದು ಹಳೇ ಕೋಟಿನ ಅಸ್ತರಿಗೆ ಪಾಚಿ ಬಣ್ಣದ ದಾರ ಬೇಕಾಯಿತು. ಇಸ್ತ್ರಿ ಮೇಜಿನ ಹಿಂದೆ ಕೈ ಹಾಕಿ ತಡಕಾಡಿದೆ. ಉರುಳೆ ಬರಲೇ ಇಲ್ಲ, ಯಾವುದಕ್ಕೋ ಸಿಕ್ಕಿಕೊಂಡಿತ್ತು. ಬಗ್ಗಿ ನೋಡಿದರೆ ಉರುಳೆಯ ಮೇಲ್ಗಡೆ ಕಡ್ಡಿಯಲ್ಲಿ ಎಲೆ! ಒಂದಲ್ಲ, ಒಂದು ಹಿಡಿ ಎಲೆ. ಉಳಿದ ಕಡ್ಡಿಗಳೆಲ್ಲ ಸತ್ತು ಕಟ್ಟಿಗೆಯಾಗಿವೆ. ಇದೊಂದು ದಾರದ ಉರುಳೆಯನ್ನು ಕೊರಳಿಗೆ ಹಾಕಿಕೊಂಡೇ ಚಿಗುರಿ ಕೂತಿದೆ.

"ಇದು ಯಾವಾಗ ಚಿಗುರಿತೋ?" ಅಂತ ಕಿರುಚಿದೆ. ಇಸ್ತ್ರಿಯಣ್ಣ ತಣ್ಣಗೆ, "ಆಗ್ಲೇ ತುಂಬಾ ದಿನ ಆಯ್ತಲ್ಲಮ್ಮ. ಬಟ್ಟೆಗೆ ನೀರು ಚಿಮುಕಿಸುವಾಗ ಅದಕ್ಕೂ ಎರಡು ಹನಿ ಹಾಕ್ತಿದ್ದೆ" ಅಂದ. "ನನಗ್ಯಾಕೆ ಹೇಳ್ಲಿಲ್ಲ?" ಅಂದೆ. "ದಾರಕ್ಕೆ ನೀರು ತಾಗಬಾರದು ಅಂದಿದ್ರಿ. ಹೇಳಿದ್ರೆ ಬೈತಿದ್ರಿ" ಅಂದ. ನನಗೆ ನಗಬೇಕೋ ಅವನಿಗೆ ನಾಲ್ಕು ಬಿಗಿಯಬೇಕೋ ತಿಳಿಯಲಿಲ್ಲ. ನಗು ಅಳು ಎರಡೂ ಒಟ್ಟಿಗೇ ಬಂದವು, ಬೈಗುಳ ಮಾತ್ರ ಬರಲಿಲ್ಲ.

ಆದರೆ ಈ ಸಲ ನಾನು ಕುಣಿಯುವುದಿಲ್ಲ. ಒಮ್ಮೆ ಕುಣಿದದ್ದು ಸಾಕು. ಇದು ಅವನದೋ, ಆ ಕೆಂಪಿನ ಕಡ್ಡಿಯೋ, ನೀನು ಹೇಳಬೇಕು. ಹೇಗೆ ಗುರುತು ಹಿಡಿಯಲಿ? ಬೇಗ ಬರೆ. ಅಲ್ಲಿಯವರೆಗೂ ಅದನ್ನು ಮುಟ್ಟುವುದಿಲ್ಲ. ಆ ಪಾಚಿ ದಾರವನ್ನೂ ತೆಗೆಯಲಿಲ್ಲ, ಕೋಟಿನವರಿಗೆ ಮುಂದಿನ ವಾರ ಬನ್ನಿ ಅಂದಿದ್ದೇನೆ.

ಲಿಫ್ಟಿನ ವಿಷಯ. ನಿನ್ನ ಕಿವಿಯೊಂದೇ ನೆಟ್ಟಗಾಗುತ್ತಿತ್ತು ಎಂದು ತಿಳಿದಿದ್ದೆಯಾ? ಒಲೆಯ ಮುಂದೆ ನಾನು ಬೆನ್ನು ತಿರುಗಿಸಿ ನಿಂತಿರುತ್ತಿದ್ದೆ, ನೀನು ನನ್ನ ಮುಖ ನೋಡಬಾರದೆಂದು. ಇಬ್ಬರೂ ಒಂದೇ ಸದ್ದಿಗೆ ಕಿವಿಗೊಟ್ಟು, ಒಬ್ಬರಿಗೊಬ್ಬರು ಹೇಳದೆ, ಎಷ್ಟು ದಿನ ದಂಡ ಮಾಡಿದೆವಲ್ಲ.

ಉಸಿರು ಬಿಗಿಹಿಡಿದಿರುವ,
ಅತ್ತೆ


ಫೆಬ್ರವರಿ ೧೭

ಅತ್ತೆ,

ನಿಂತಲ್ಲೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಬೇಡಿ, ಬೈಯಿರಿ.

ಟೆರೇಸಿನ ಗಿಡದಿಂದ ಒಂದು ಎಲೆ ಕಿತ್ತು ತಂದು ಪಕ್ಕದಲ್ಲಿಟ್ಟು ನೋಡಿ. ಕೆಂಪಿನ ಎಲೆ ಉದ್ದ, ತುದಿ ಚೂಪು, ಅಂಚು ಗರಗಸದ ಹಾಗೆ. ಇವರದು ಅಗಲ, ಹೆಚ್ಚುಕಡಿಮೆ ದುಂಡಗೆ, ಎಣ್ಣೆ ಸವರಿದಂತೆ ಹೊಳಪು. ತೊಟ್ಟಿನ ಬುಡದಲ್ಲಿ ನಸುಗೆಂಪು ಇರುತ್ತದೆ.

ಇವರದೇ ಆಗಿದ್ದರೆ ಅವಸರ ಮಾಡಬೇಡಿ. ಸ್ವಂತ ಬೇರಿನ ಮೇಲೆ ಅದು ಬಲಹೀನ ಗಿಡ. ಚಿಕ್ಕ ಕುಂಡವೇ ಸಾಕು, ಅರ್ಧ ಮರಳು, ಅರ್ಧ ಒಳ್ಳೆಯ ಮಣ್ಣು. ಮರಳಿನ ಮುದ್ದೆಯ ಸಮೇತ ಎತ್ತಿ, ಬೇರು ಹರಿಯಬಾರದು. ಮೊದಲು ಬೆಳಗಿನ ಬಿಸಿಲು ಮಾತ್ರ. ಕತ್ತರಿಯನ್ನು ದೂರ ಇಡಿ!

ಏನೇ ಇದ್ದರೂ ನಿಜ ಬರೆಯಿರಿ. ನಾನೂ ಬರೆಯುತ್ತೇನೆ.
ಸೊಸೆ


ಮಾರ್ಚ್ ೧

ಅಗಲ. ದುಂಡಗೆ. ಹೊಳಪು. ತೊಟ್ಟಿನ ಬುಡ ನಸುಗೆಂಪು. ಇಸ್ತ್ರಿಯಣ್ಣನಿಗೂ ತೋರಿಸಿದೆ, ಕೆಳಗಿನ ಔಷಧಿ ಅಂಗಡಿಯವರಿಗೂ ತೋರಿಸಿದೆ. ಎಲ್ಲರೂ ಹೌದೆಂದರು.

ಅವನೇ.

ಅತ್ತೆ


ಜುಲೈ ೩

ಮಗಳಿಗೆ,

ಅಂಗಡಿಯ ಕಿಟಕಿಯಲ್ಲಿಟ್ಟ ಮರಿ ಗಿಡ ಈಗ ನನ್ನ ಮೊಣಕಾಲೆತ್ತರ. ನಡುವೆ ಎಲೆಯೆಲ್ಲ ಹಳದಿಯಾಗಿ ಜೀವ ಬಾಯಿಗೆ ಬಂದಿತ್ತು. ನೀರು ಜಾಸ್ತಿಯಾಗಿತ್ತಂತೆ, ಇಸ್ತ್ರಿಯಣ್ಣ ನನಗೆ ಗೊತ್ತಿಲ್ಲದಂತೆ ತನ್ನ ಪಾಲಿನದನ್ನೂ ಹಾಕುತ್ತಿದ್ದ. ಈಗ ಇಬ್ಬರಿಗೂ ಸರದಿ. ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರನ್ನು ವಾರಕ್ಕೊಮ್ಮೆ ಕೊಡುತ್ತೇನೆ. ಇರುವೆ ಕಂಡರೆ ಕಣ್ಣಲ್ಲಿ ಕಣ್ಣಿಟ್ಟು ಅಟ್ಟುತ್ತೇನೆ. ಟೆರೇಸಿನ ಕೆಂಪು ಗಿಡವೂ ಹೂ ಬಿಡುತ್ತಲೇ ಇದೆ. ಅದನ್ನು ಕಿತ್ತು ಹಾಕುತ್ತೇನೆ ಅಂದುಕೊಂಡಿದ್ದೆ, ಮನಸ್ಸು ಬರಲಿಲ್ಲ. ಎಷ್ಟೆಂದರೂ ನನ್ನ ಮಗನನ್ನು ಅಷ್ಟು ದಿನ ಹೊತ್ತು ನಿಂತದ್ದು ಅದೇ.

ಬರುತ್ತೀಯಾ ಎಂದು ಕೇಳುವುದಿಲ್ಲ. ಕೇಳಿದರೆ ನೀನು ರಜೆಯ ಮಾತಾಡುತ್ತೀಯ.

ಕಾಯುವುದರಲ್ಲಿ ಪಳಗಿದ,
ಅತ್ತೆ


ಸೆಪ್ಟೆಂಬರ್ ೨೧

ಅತ್ತೆಗೆ,

ನಿಜ ಬರೆಯುತ್ತೇನೆ ಎಂದಿದ್ದೆನಲ್ಲ, ಬರೆಯುತ್ತಿದ್ದೇನೆ. ಕಳೆದ ತಿಂಗಳು ರೈಲಿನ ಟಿಕೆಟ್ ತೆಗೆಸಿದೆ. ಚೀಲವನ್ನೂ ಕಟ್ಟಿದೆ. ಹೊರಡುವ ದಿನ ಬೆಳಿಗ್ಗೆ ಆ ಲಿಫ್ಟಿನ ಒಳಗೆ ನಿಂತಂತೆ, ಅದು ಕುಲುಕಿದಂತೆ, ಬಾಗಿಲು ತೆರೆದಂತೆ ಕಣ್ಣಿಗೆ ಕಟ್ಟಿತು. ಆ ಕಡೆ ಮನೆ ಇರುತ್ತದೆ, ಅವರು ಇರುವುದಿಲ್ಲ. ಟಿಕೆಟ್ಟನ್ನು ವಾಪಸು ಮಾಡಿ ಅಂಗಡಿಗೆ ಹೋದೆ. ದಿನವಿಡೀ ಕಲೆಸಿದ್ದೆಲ್ಲ ಬೂದು ಬಣ್ಣವೇ ಆಯಿತು.

ನೋಡಬೇಕೆಂಬ ಆಸೆ ಹೋಗಿಲ್ಲ. ಧೈರ್ಯ ಸಾಲುತ್ತಿಲ್ಲ. ಹೂ ಅರಳಿದರೆ ಬಣ್ಣವನ್ನು ಬರೆದು ಕಳಿಸಿ ಅತ್ತೆ. ನೀವು ದಾರ ಹೊಂದಿಸುವವರು, ನಿಮ್ಮ ಕಣ್ಣನ್ನು ನಾನು ನಂಬುತ್ತೇನೆ. ಓದಿಕೊಂಡು ಇಲ್ಲೇ ಕಲೆಸಿಕೊಳ್ಳುತ್ತೇನೆ.

ಹೇಡಿ,
ಸೊಸೆ


ಅಕ್ಟೋಬರ್ ೩೦

ಮಗಳೇ,

ಇವತ್ತು ಅರಳಿತು.

ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದಾಗ ಕಿಟಕಿಯಲ್ಲಿ ಇನ್ನೂ ಅರ್ಧ ಸುತ್ತಿಕೊಂಡಿತ್ತು. ಇಸ್ತ್ರಿಯಣ್ಣ ಬರುವ ಹೊತ್ತಿಗೆ ಪೂರ್ತಿ ತೆರೆದಿತ್ತು. ಅವನು ಈ ಸಲವೂ ಟೋಪಿ ತೆಗೆದ. "ಈ ಸಲ ಪಕ್ಕಾ ತಾನೇ ಅಮ್ಮ?" ಎಂದು ಕೇಳಿಯೇ ತೆಗೆದ.

ದಾರದ ಪೆಟ್ಟಿಗೆಯನ್ನು ಪೂರಾ ಸುರುವಿಕೊಂಡು ಅದರ ಮುಂದೆ ಕೂತೆ. ಒಂದೊಂದೇ ಉರುಳೆಯನ್ನು ಹಿಡಿದು ನೋಡಿದೆ. ಯಾವುದೂ ಹೊಂದಲಿಲ್ಲ. ಇಷ್ಟು ವರ್ಷದ ಕಸುಬಿನಲ್ಲಿ ನನ್ನ ಪೆಟ್ಟಿಗೆಯಲ್ಲಿ ಇಲ್ಲದ ಬಣ್ಣ ಕಂಡಿರಲಿಲ್ಲ. ಕೊನೆಗೆ ಎರಡು ಎಳೆಗಳನ್ನು ಜೊತೆಗೆ ಹೊಸೆದು ಹಿಡಿದೆ, ಆಗ ಸರಿಹೋಯಿತು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಆ ಹೊಸೆದ ದಾರವನ್ನು ಒಂದು ಖಾಲಿ ಉರುಳೆಗೆ ಸುತ್ತಿ, ಮರಳಿನ ಡಬ್ಬಿಯಲ್ಲಿ, ಈ ಗಿಡ ಚಿಗುರಿದ ಜಾಗದಲ್ಲೇ ಇಟ್ಟಿದ್ದೇನೆ.

ಕಾಗದದ ಜೊತೆ ಒಂದು ತುಂಡು ಕಳಿಸಬಹುದಿತ್ತು. ಲಕೋಟೆಗೆ ಹಾಕಿಯೂ ಇದ್ದೆ. ಮತ್ತೆ ತೆಗೆದೆ. ಕಳಿಸುವುದಿಲ್ಲ. ಬಣ್ಣವನ್ನು ಬರೆಯುವುದೂ ಇಲ್ಲ. ನಾನು ಸೋತಿದ್ದೇನೆ, ಅಷ್ಟು ಹೇಳುತ್ತೇನೆ, ಕೆಂಪಲ್ಲ. ನಿಮ್ಮಿಬ್ಬರಲ್ಲಿ ಗೆದ್ದವರು ಯಾರೆಂದು ನೀನೇ ಬಂದು ನೋಡು. ಪಾತ್ರೆ ತೊಳೆಯಲು ನಾನು ತಯಾರಿದ್ದೇನೆ, ಆದರೆ ಒಂದು ತಟ್ಟೆ ಒಂದು ಲೋಟ ತೊಳೆದರೆ ಸೋತ ಹಾಗಾಗುವುದಿಲ್ಲ.

ಇನ್ನೂ ಮೊಗ್ಗುಗಳಿವೆ. ಕುಂಡವನ್ನು ನಾನು ಅಲುಗಿಸುವುದಿಲ್ಲ, ಯಾರನ್ನೂ ಅಲುಗಿಸಲು ಬಿಡುವುದಿಲ್ಲ. ಒಂದೊಂದು ಹೂವಿಗೂ ಒಂದೇ ದಿನ, ಅದು ನಿನಗೆ ಗೊತ್ತು.

ನೀನು ಹೇಡಿಯಲ್ಲ. ಬಾಗಿಲು ತೆರೆದರೆ ಆ ಕಡೆ ಅವನು ಇರುವುದಿಲ್ಲ, ನಿಜ. ನಾನಿರುತ್ತೇನೆ. ಲಿಫ್ಟು ಇವತ್ತಿಗೂ ನಮ್ಮ ಮಹಡಿಯಲ್ಲಿ ಕುಲುಕಿಯೇ ನಿಲ್ಲುತ್ತದೆ. ಹೊಸದಾಗಿ ಬಂದ ರಿಪೇರಿಯವರು ಸರಿ ಮಾಡುತ್ತೇವೆ ಅಂದರು, ನಾನು ಬೇಡವೆಂದೆ. ಸದ್ದಾದಾಗಲೆಲ್ಲ ನನ್ನ ಕಿವಿ ಈಗಲೂ ನೆಟ್ಟಗಾಗುತ್ತದೆ. ಆದರೆ ಈಗ ನಾನು ಕಾಯುವುದು ಅವನಿಗಲ್ಲ, ನಿನಗೆ.

ಅತ್ತೆ